ಬಂಡೆ ಕಾಯುವ ಬಸವನಹುಳು



"ಜಾತಿ ಪ್ರಕೃತಿಯಲ್ಲೇ ಇದೆ, ಪ್ರಾಣಿಗಳೂ ತಮ್ಮ ಜಾಗಕ್ಕೆ ಬೇರೆಯವರನ್ನು ಬಿಡೋದಿಲ್ಲ" ಎಂಬ ವಾದವನ್ನು ನೀವೂ ಕೇಳಿರುತ್ತೀರಿ. ಸ್ಟಾಫ್ ರೂಮಿನಲ್ಲಿ ನಾನು ಕೇಳುತ್ತಲೇ ಇರುತ್ತೇನೆ. ಹಾಗೆನ್ನುವವರಿಗೆ ಬೇಕಾದ ಉದಾಹರಣೆಯೊಂದನ್ನು ಇಂದು ನಾನೇ ಕೊಡುತ್ತೇನೆ.

ಕ್ಯಾಲಿಫೋರ್ನಿಯಾ, ಮೆಕ್ಸಿಕೋಗಳ ಪೆಸಿಫಿಕ್ ತೀರದ ಬಂಡೆಗಳ ಮೇಲೆ ಔಲ್ ಲಿಂಪೆಟ್ ಎಂಬ ಸಮುದ್ರದ ಬಸವನಹುಳು ಇದೆ. ಚಿಪ್ಪು ಬೋರಲು ಹಾಕಿದ ಬಟ್ಟಲಿನಂತೆ. ದೊಡ್ಡ ಹುಳು ಸುಮಾರು 1000 ಚದರ ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಚದರಡಿ ಬಂಡೆಯನ್ನು ತನ್ನದಾಗಿಸಿಕೊಳ್ಳುತ್ತದೆ. ಅಲ್ಲಿ ಬೆಳೆಯುವ ತೆಳು ಪಾಚಿಯೇ ಅದರ ಅನ್ನ. ಬೇರೆ ಲಿಂಪೆಟ್ ಬಂದರೆ ಚಿಪ್ಪಿನ ಅಂಚಿನಿಂದ ಬುಲ್ಡೋಜರಿನಂತೆ ನೂಕಿ ಆಚೆ ಹಾಕುತ್ತದೆ.

ಇಷ್ಟಕ್ಕೇ ಆ ಸ್ನೇಹಿತರು ಖುಷಿಪಡಬಹುದು. ಆದರೆ ಈ ಹುಳುವಿನ ಮರಿಗೆ ಹೆತ್ತವರ ಬಂಡೆ ಸಿಗುವುದಿಲ್ಲ. ಮೊಟ್ಟೆ ಫಲಿಸುವುದೇ ಕಡಲ ನೀರಿನಲ್ಲಿ. ಮರಿ ತೇಲುತ್ತಾ ಹೋಗಿ ಎಲ್ಲೋ ಕೂರುತ್ತದೆ. ಬದುಕು ಆರಂಭಿಸುವುದು ಗಂಡಾಗಿ, ಬೆಳೆದ ಮೇಲೆ ಅನೇಕವು ಹೆಣ್ಣಾಗುತ್ತವೆ. ಜಾಗ ಕಾಯುವ ದೊಡ್ಡವು ಹೆಚ್ಚಾಗಿ ಹೆಣ್ಣುಗಳೇ. (ಮನುವಿಗೆ ಇದನ್ನು ಹೇಳುವವರಾರು!) ಹುಟ್ಟಿನಿಂದ ಬಂದ ಮೇಲು ಕೀಳು ಇದರಲ್ಲಿ ಎಲ್ಲಿದೆ?

ಅದು ಕಾಯುವುದು ಹೊಟ್ಟೆಪಾಡನ್ನು. ಮಹಾಡ್‌ನ ಚೌದಾರ್ ಕೆರೆಯಲ್ಲಿ ದನಗಳು ನೀರು ಕುಡಿಯಬಹುದಿತ್ತು, ನಮ್ಮವರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ನೀರು ಕುಡಿದ ಮೇಲೆ ಸವರ್ಣೀಯರು ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆಯನ್ನು "ಶುದ್ಧಿ" ಮಾಡಿದರು. ನೀರೇನೂ ಕಡಿಮೆಯಾಗಿರಲಿಲ್ಲ.

ಮಹಾನಿದಾನ ಸುತ್ತದಲ್ಲಿ ಬುದ್ಧರು ಆನಂದರಿಗೆ ಈ ಕಾವಲಿನ ಬೇರನ್ನು ತೋರಿಸುತ್ತಾರೆ. ತೃಷ್ಣೆಯಿಂದ ಹುಡುಕಾಟ, ಹುಡುಕಾಟದಿಂದ ಗಳಿಕೆ, ಹಾಗೆಯೇ ಮುಂದುವರಿದು ಒಡೆತನ, ಜಿಪುಣತನ, ಕಾವಲು. ಕಾವಲಿನಿಂದ ದೊಣ್ಣೆ, ಕತ್ತಿ, ಜಗಳ, ಸುಳ್ಳು. ಬಾಬಾಸಾಹೇಬರು ಈ ಭಾಗವನ್ನು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಸೇರಿಸಿದ್ದು ಸುಮ್ಮನೆ ಅಲ್ಲ. ಲಿಂಪೆಟ್ ಈ ಸರಪಳಿಯನ್ನು ಕಾಣಲಾರದು. ನಾವು ಕಾಣಬಲ್ಲೆವು.

ಹಾಗಾದರೆ ಇಪ್ಪತ್ತೆರಡು ಪ್ರತಿಜ್ಞೆ ಸ್ವೀಕರಿಸಿದ ಮನೆಗಳಲ್ಲೂ, ಮಗಳ ಮದುವೆ ಮಾತು ಬಂದಾಗ "ಅವರು ಎಡಗೈನವರಾ, ಬಲಗೈನವರಾ?" ಎಂದು ಕೇಳುತ್ತೇವಲ್ಲ, ಆಗ ನಾವು ಕಾಯುತ್ತಿರುವುದು ಯಾವ ಬಂಡೆ? ಅದರ ಮೇಲೆ ಪಾಚಿಯಾದರೂ ಇದೆಯೇ?

ಭಾನುವಾರದ ವಂದನೆಯ ನಂತರ ಈ ಸುತ್ತವನ್ನೇ ಓದೋಣ. ಪುಸ್ತಕ ಇರುವವರು ತನ್ನಿ.