ನೆಲ ನಿಜಕ್ಕೂ ಡೊಂಕಾಗಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ನಾವು ಹೆಚ್ಚಾಗಿ ಬಳಸುವುದು ಸೋತವರ ಬಾಯಿ ಮುಚ್ಚಿಸಲು. ಮೌಲ್ಯಮಾಪನ ಸರಿಯಿಲ್ಲ ಎನ್ನುವ ವಿದ್ಯಾರ್ಥಿಗೂ, ಕಥಾಸ್ಪರ್ಧೆಯ ತೀರ್ಪುಗಾರರನ್ನು ದೂರುವ ಕತೆಗಾರನಿಗೂ ಇದೇ ಉತ್ತರ. ಆದರೆ ಗಾದೆ ಒಂದು ಸಾಧ್ಯತೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಕೆಲವೊಮ್ಮೆ ನೆಲ ನಿಜಕ್ಕೂ ಡೊಂಕಾಗಿರುತ್ತದೆ. ಆಗ ಎಡವಿದವಳು ಏನನ್ನು ಕಲಿಯಬೇಕು? ಕಲಿತರೆ ನೆಲ ಸರಿಯಿತ್ತೆಂದು ಒಪ್ಪಿದಂತಾಗುವುದಿಲ್ಲವೆ?

ಈ ಪ್ರಶ್ನೆ ಬಾಕ್ಸಿಂಗ್‌ನಲ್ಲಿ ಏಳುವಷ್ಟು ತೀವ್ರವಾಗಿ ಬೇರೆ ಆಟಗಳಲ್ಲಿ ಏಳುವುದು ಕಡಿಮೆ. ಓಟಕ್ಕೆ ಗಡಿಯಾರವಿದೆ, ಫುಟ್‌ಬಾಲ್‌ಗೆ ಗೋಲಿನ ಬಲೆಯಿದೆ. ಬಾಕ್ಸಿಂಗ್‌ನಲ್ಲೂ ಬಿದ್ದವನು ಹತ್ತು ಎಣಿಸುವುದರೊಳಗೆ ಏಳದಿದ್ದರೆ ವಾದ ಮುಗಿಯಿತು. ಇಬ್ಬರೂ ಕೊನೆಯ ಗಂಟೆಯವರೆಗೆ ನಿಂತಿದ್ದರೆ ಮಾತ್ರ ತೀರ್ಪುಗಾರರ ಚೀಟಿಗಳು ಮಾತಾಡುತ್ತವೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಜುಲೈ 29ರಂದು, ಮೇರಿ ಕೋಮ್ ಕೊಲಂಬಿಯಾದ ಇಂಗ್ರಿಟ್ ವೆಲೆನ್ಸಿಯಾ ಎದುರು 3–2ರಿಂದ ಸೋತದ್ದು ನೆನಪಿರಬಹುದು. ಮೊದಲ ಸುತ್ತು 4–1ರಿಂದ ಕೈತಪ್ಪಿತ್ತು. ಉಳಿದೆರಡು ಸುತ್ತುಗಳಲ್ಲಿ ಐವರು ತೀರ್ಪುಗಾರರ ಪೈಕಿ ಮೂವರು ಮೇರಿಯ ಕಡೆಗಿದ್ದರು. ಮೂರರಲ್ಲಿ ಎರಡು ಸುತ್ತು ಗೆದ್ದೂ ಪಂದ್ಯ ಸೋಲುವ ಲೆಕ್ಕ ಇದು! ಅವರು ತಾವೇ ಗೆದ್ದೆವೆಂದು ಕೈ ಎತ್ತಿದ್ದರಲ್ಲಿ ಆಶ್ಚರ್ಯವಿಲ್ಲ.

ನನಗೆ ಇದಕ್ಕಿಂತ ಹೆಚ್ಚು ಕಾಡುವುದು ಹಳೆಯದೊಂದು ಪಂದ್ಯ. 1947ರ ಡಿಸೆಂಬರ್ 5, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಹತ್ತು ವರ್ಷಗಳಿಂದ ಹೆವಿವೇಟ್ ಚಾಂಪಿಯನ್ ಆಗಿದ್ದ ಜೋ ಲೂಯಿಗೆ ಎದುರಾಳಿ ಜರ್ಸಿ ಜೋ ವಾಲ್ಕಾಟ್. ವಯಸ್ಸು ಮೂವತ್ತಮೂರು, ಆರು ಮಕ್ಕಳ ತಂದೆ, ಬಡತನ ಕಂಡವನು, ಹೊಟ್ಟೆಪಾಡಿಗಾಗಿ ನಡುನಡುವೆ ಬಾಕ್ಸಿಂಗ್ ಬಿಟ್ಟು ಬೇರೆ ಕೆಲಸಕ್ಕೆ ಹೋದವನು. ಅವನು ಗೆಲ್ಲುತ್ತಾನೆಂದು ಯಾರೂ ಎಣಿಸಿರಲಿಲ್ಲ. ಆದರೆ ಮೊದಲ ಸುತ್ತಿನಲ್ಲೇ ಲೂಯಿಯನ್ನು ಕೆಡವಿದ, ನಾಲ್ಕನೆಯದರಲ್ಲಿ ಮತ್ತೊಮ್ಮೆ. ಹದಿನೈದು ಸುತ್ತು ಮುಗಿದಾಗ ಲೂಯಿ ಬೇಸರದಿಂದ ತೀರ್ಪಿಗೂ ಕಾಯದೆ ರಿಂಗ್‌ನಿಂದ ಇಳಿಯಲು ಹೊರಟಿದ್ದ. ರೆಫರಿ ರೂಬಿ ಗೋಲ್ಡ್‌ಸ್ಟೀನ್ ಲೆಕ್ಕದಲ್ಲಿ ವಾಲ್ಕಾಟ್‌ಗೆ 7 ಸುತ್ತು, ಲೂಯಿಗೆ 6, ಎರಡು ಸಮ. ಆದರೆ ಇನ್ನಿಬ್ಬರು ತೀರ್ಪುಗಾರರು ಲೂಯಿಯ ಪರವಾಗಿದ್ದರು. ಚಾಂಪಿಯನ್ ಚಾಂಪಿಯನ್ನಾಗಿಯೇ ಉಳಿದ. ನೆರೆದವರು ತಮ್ಮ ಚಾಂಪಿಯನ್ನನ್ನೇ ಕೂಗಿ ಹೀಯಾಳಿಸಿದರು.

ಇಲ್ಲಿಯವರೆಗೆ ಇದು ಅನ್ಯಾಯದ ಕತೆ. ಕತೆಯ ಇನ್ನೊಂದು ಮಗ್ಗುಲೂ ಇದೆ. ಕೊನೆಯ ಸುತ್ತುಗಳಲ್ಲಿ ವಾಲ್ಕಾಟ್ ಹಿಂದೆ ಹಿಂದೆ ಸರಿಯುತ್ತಿದ್ದ. ಪಂದ್ಯ ತನ್ನ ಕೈಯಲ್ಲಿದೆ, ಇನ್ನು ಏಟು ತಪ್ಪಿಸಿಕೊಂಡರೆ ಸಾಕು ಎಂಬ ಲೆಕ್ಕಾಚಾರ. ಮೊದಲೇ ಚಾಂಪಿಯನ್ ಕಡೆ ವಾಲಿದ ತಕ್ಕಡಿಯ ಮುಂದೆ ಹೀಗೆ ಹಿಂದೆ ಸರಿಯುವುದು ಎಷ್ಟು ದುಬಾರಿ!

ತೀರ್ಪು ತಪ್ಪಾಗಿತ್ತು ಎಂಬುದೂ, ಕೊನೆಯ ಸುತ್ತುಗಳ ಆಟ ತಪ್ಪಾಗಿತ್ತು ಎಂಬುದೂ ಒಟ್ಟಿಗೆ ನಿಜವಾಗಿರಲು ಯಾವ ಅಡ್ಡಿಯೂ ಇಲ್ಲ. ಒಂದು ತೀರ್ಪುಗಾರರ ಕುರಿತ ಮಾತು, ಇನ್ನೊಂದು ತನ್ನ ಕಾಲುಗಳ ಕುರಿತದ್ದು. ಆದರೆ ಸೋತವನ ಎದೆಯಲ್ಲಿ ಇವೆರಡೂ ಒಂದನ್ನೊಂದು ತಳ್ಳುತ್ತವೆ. ನನ್ನ ತಪ್ಪನ್ನು ಒಪ್ಪಿದರೆ ಅವರ ತಪ್ಪನ್ನು ಮನ್ನಿಸಿದಂತೆ ಎಂಬ ಭಯ. ನಾಕೌಟ್ ಆದವನಿಗೆ ಈ ಪೇಚಾಟವಿಲ್ಲ, ಅವನ ದವಡೆಯೇ ಅವನಿಗೆ ಪಾಠ ಹೇಳಿರುತ್ತದೆ. ಕೂದಲೆಳೆಯ ಅಂತರದಲ್ಲಿ ಸೋತವನಿಗೆ ಮಾತ್ರ ಕಲಿಯದೇ ಇರಲು ಮರ್ಯಾದಸ್ತ ಕಾರಣವೊಂದು ಸದಾ ಕೈಯಲ್ಲಿರುತ್ತದೆ. ತೀರ್ಪು ಎಂಬ ಮಾತು ಹುಟ್ಟಿದ್ದು ‘ತೀರು’ ಎಂಬುದರಿಂದ. ಆದರೆ ಇಂಥ ತೀರ್ಪಿನಿಂದ ಏನೂ ತೀರುವುದಿಲ್ಲ.

ಕಲಿಯಲೊಪ್ಪದವರನ್ನು ಹೀಗಳೆಯುವ ಮನಸ್ಸೂ ನನಗಿಲ್ಲ. 1987ರ ಏಪ್ರಿಲ್ 6ರಂದು ಲಾಸ್ ವೇಗಸ್‌ನಲ್ಲಿ ಮಾರ್ವಿನ್ ಹ್ಯಾಗ್ಲರ್ ಶುಗರ್ ರೇ ಲೆನಾರ್ಡ್ ಎದುರು ಸೋತ. ಒಬ್ಬ ತೀರ್ಪುಗಾರ 115–113 ಹ್ಯಾಗ್ಲರ್‌ಗೆ, ಇನ್ನೊಬ್ಬ ಅದೇ 115–113 ಲೆನಾರ್ಡ್‌ಗೆ, ಮೂರನೆಯವನು ಏಕಾಏಕಿ 118–110 ಲೆನಾರ್ಡ್‌ಗೆ ಕೊಟ್ಟರು. ಒಂದೇ ಪಂದ್ಯ ನೋಡಿದವರ ಅಂಕಗಳು ಇವು! ಹ್ಯಾಗ್ಲರ್ ಮರುಪಂದ್ಯಕ್ಕೆ ಕಾದ, ಅದು ಸಿಗಲಿಲ್ಲ. ಮತ್ತೆಂದೂ ರಿಂಗ್‌ಗೆ ಇಳಿಯದೆ ಇಟಲಿಗೆ ಹೋಗಿ ಸಿನಿಮಾ ನಟನಾದ. ಎಡಗೈ ಶೈಲಿಯ ಅವನು ಮೊದಲ ಸುತ್ತುಗಳನ್ನು ಬಲಗೈಯವನಂತೆ ನಿಂತು ಆಡಿ ಲೆನಾರ್ಡ್‌ಗೆ ಬಿಟ್ಟುಕೊಟ್ಟಿದ್ದ ಎಂದು ಇಂದಿಗೂ ಹೇಳುವವರಿದ್ದಾರೆ. ಅದು ಸರಿಯೇ. ಆದರೆ ಡೊಂಕು ನೆಲದ ಮೇಲೆ ಇನ್ನೊಮ್ಮೆ ಕುಣಿಯಲಾರೆ ಎನ್ನುವುದಕ್ಕೂ ಒಂದು ಘನತೆಯಿದೆ. ಅದಕ್ಕೆ ತೆರಬೇಕಾದ ಬೆಲೆ ಮಾತ್ರ ದೊಡ್ಡದು: ಆ ರಾತ್ರಿಯ ತೀರ್ಪು ಅವನ ಬಾಕ್ಸಿಂಗ್‌ನ ಕೊನೆಯ ವಾಕ್ಯವಾಗಿ ಉಳಿದುಬಿಟ್ಟಿತು.

ವಾಲ್ಕಾಟ್ ಮರಳಿದ. ಸಿನಿಮಾ ಆಗಿದ್ದರೆ ಮರುಪಂದ್ಯದಲ್ಲೇ ಗೆದ್ದುಬಿಡುತ್ತಿದ್ದ. ನಿಜದಲ್ಲಿ, 1948ರ ಜೂನ್‌ನಲ್ಲಿ ಲೂಯಿಯನ್ನು ಮತ್ತೆ ಕೆಡವಿದರೂ ಹನ್ನೊಂದನೇ ಸುತ್ತಿನಲ್ಲಿ ತಾನೇ ನಾಕೌಟ್ ಆದ. ಆಮೇಲೆ ಎಜರ್ಡ್ ಚಾರ್ಲ್ಸ್ ಎದುರು 1949ರಲ್ಲಿ ಒಮ್ಮೆ, 1951ರ ಮಾರ್ಚ್‌ನಲ್ಲಿ ಇನ್ನೊಮ್ಮೆ ಅಂಕಗಳ ಮೇಲೆ ಸೋತ. 1951ರ ಜುಲೈ 18ರಂದು ಪಿಟ್ಸ್‌ಬರ್ಗ್‌ನಲ್ಲಿ, ಏಳನೇ ಸುತ್ತಿನಲ್ಲಿ, ಚಾರ್ಲ್ಸ್‌ನ ದವಡೆಗೆ ಒಂದು ಎಡಗೈ ಹುಕ್. ಮೂವತ್ತೇಳನೇ ವಯಸ್ಸಿನಲ್ಲಿ ಚಾಂಪಿಯನ್. ಆ ಸಲ ಯಾರ ಚೀಟಿಯನ್ನೂ ಕೂಡಿಸಬೇಕಾಗಲಿಲ್ಲ.

ಪಾಠ ಕಲಿತ, ಫಲ ಸಿಕ್ಕಿತು ಎಂದು ಇಲ್ಲಿಗೇ ನಿಲ್ಲಿಸಿದರೆ ಅದು ಅರ್ಧ ಸುಳ್ಳಾಗುತ್ತದೆ. ಮರುವರ್ಷ ಸೆಪ್ಟೆಂಬರ್‌ನಲ್ಲಿ ರಾಕಿ ಮಾರ್ಸಿಯಾನೊ ಎದುರು ಹನ್ನೆರಡು ಸುತ್ತು ಮುಗಿದಾಗ ಮೂವರೂ ಅಧಿಕಾರಿಗಳ ಚೀಟಿಯಲ್ಲಿ ವಾಲ್ಕಾಟ್ ಮುಂದಿದ್ದ. ಈ ಬಾರಿ ನೆಲ ಸಮವಾಗಿತ್ತು. ಹದಿಮೂರನೇ ಸುತ್ತಿನಲ್ಲಿ ಮಾರ್ಸಿಯಾನೊನ ಒಂದೇ ಬಲಗೈ ಹೊಡೆತಕ್ಕೆ ಎಲ್ಲವೂ ಮುಗಿಯಿತು. ಹಿಂದೆ ಚೀಟಿಗಳು ಕೈಕೊಟ್ಟಿದ್ದವು, ಈಗ ಅವೇ ಚೀಟಿಗಳು ಜೊತೆಗಿದ್ದರೂ ಉಪಯೋಗಕ್ಕೆ ಬರಲಿಲ್ಲ.

ಮುಂದೆ ಅವನೇ ರೆಫರಿಯಾದ. 1965ರ ಮೇ 25ರಂದು ಮೇಯ್ನ್ ರಾಜ್ಯದ ಲೂಯಿಸ್ಟನ್‌ನಲ್ಲಿ ಮಹಮ್ಮದ್ ಅಲಿ ಮತ್ತು ಸೋನಿ ಲಿಸ್ಟನ್ ನಡುವೆ ನಿಂತಿದ್ದವನು ಇದೇ ವಾಲ್ಕಾಟ್. ಮೊದಲ ಸುತ್ತಿನಲ್ಲೇ ಲಿಸ್ಟನ್ ಬಿದ್ದ. ಅಲಿ ತನ್ನ ಮೂಲೆಗೆ ಹೋಗದೆ ಬಿದ್ದವನ ಮೇಲೆ ಕೂಗಾಡುತ್ತಿದ್ದ. ಅವನನ್ನು ದೂರ ಸರಿಸುವ ಗಡಿಬಿಡಿಯಲ್ಲಿ ವಾಲ್ಕಾಟ್‌ಗೆ ಎಣಿಕೆ ಸಿಗಲೇ ಇಲ್ಲ. ಎದ್ದ ಲಿಸ್ಟನ್ ಮತ್ತೆ ಆಡತೊಡಗಿದ್ದಾಗ, ರಿಂಗ್‌ನ ಬದಿಯಿಂದ ಯಾರೋ ಕೂಗಿ ಹೇಳಿದ ಮೇಲೆ, ಅವನು ಪಂದ್ಯ ನಿಲ್ಲಿಸಿದ. ಜನ ಆ ರಾತ್ರಿಯೂ ಕೂಗಿ ಹೀಯಾಳಿಸಿದರು.