ತಿಂಗಳಿಗೆ ಹೆಸರು ಕೊಟ್ಟ ಚುಕ್ಕಿ

ಕನ್ನಡದಲ್ಲಿ ಚಂದ್ರನೂ ತಿಂಗಳೇ, ಅವನು ಅಳೆದುಕೊಡುವ ಕಾಲವೂ ತಿಂಗಳೇ. ಹೀಗಿದ್ದೂ ಚೈತ್ರ, ವೈಶಾಖ ಎಂದು ಬಾಯಿಪಾಠ ಒಪ್ಪಿಸುತ್ತಿದ್ದ ನನಗೆ ಆ ಹೆಸರುಗಳೆಲ್ಲ ಆಕಾಶದಲ್ಲಿವೆ ಅನ್ನುವುದು ಬಹಳ ಕಾಲ ಹೊಳೆದಿರಲಿಲ್ಲ.

ಅವತ್ತು ಕಾರ್ತಿಕ ಹುಣ್ಣಿಮೆ. ಹೊಸ್ತಿಲಿಗೆ ಹಣತೆ ಇಟ್ಟು, ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತಿದೆ. ನೀರಿನ ಟ್ಯಾಂಕಿನ ಮೇಲಕ್ಕೆ ಚಂದ್ರ ಏರಿದ್ದ. ಬೆಳಕು ಕಣ್ಣಿಗೆ ಹೊಡೆಯಿತೆಂದು ಹೆಬ್ಬೆರಳು ಅಡ್ಡ ಹಿಡಿದೆ ನೋಡಿ, ಚಿಟಿಕೆ ರಂಗೋಲಿ ಪುಡಿ ಉದುರಿದ ಹಾಗೆ ಅಲ್ಲೇ ಪಕ್ಕದಲ್ಲಿ ಮಸುಕು ಮಸುಕಾದ ಗೊಂಚಲು. ಕೃತ್ತಿಕೆ! ಹುಣ್ಣಿಮೆಯ ಚಂದ್ರ ಅದರ ಬಳಿ ನಿಂತದ್ದಕ್ಕೇ ಇದು ಕಾರ್ತಿಕ. ಚಿತ್ತೆಯ ಬಳಿ ನಿಂತರೆ ಚೈತ್ರ, ವಿಶಾಖೆಯ ಬಳಿ ವೈಶಾಖ, ಮಘೆಯ ಬಳಿ ಮಾಘ. ಕೆಲವು ವರ್ಷ ಒಂದು ನಕ್ಷತ್ರ ಆಚೀಚೆ ಆಗುವುದುಂಟು. ಅಷ್ಟಕ್ಕೆಲ್ಲ ಯಾರೂ ತಿಂಗಳ ಹೆಸರು ಬದಲಿಸಿಲ್ಲ. ನಮ್ಮ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಕಾಶಿಯವರದು ಹುಣ್ಣಿಮೆಗೆ. ಆದರೂ ಕಾರ್ತಿಕ ಹುಣ್ಣಿಮೆ ಇಬ್ಬರಿಗೂ ಒಂದೇ.

ಹನ್ನೆರಡು ಚಾಂದ್ರಮಾಸ ಕೂಡಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ ಇನ್ನೂ 11 ದಿನ ಸಾಲದು. ಹಾಗೇ ಬಿಟ್ಟಿದ್ದರೆ ಯುಗಾದಿ ಹಿಂದೆ ಹಿಂದೆ ಸರಿದು, ಬೇವು ಹೂ ಬಿಡದ ಚಳಿಗಾಲಕ್ಕೆ ಬಂದು ಕೂರುತ್ತಿತ್ತು. ಅದಕ್ಕೇ ಎರಡೂವರೆ–ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ. ಎರಡು ಅಮಾವಾಸ್ಯೆಗಳ ನಡುವೆ ಸೂರ್ಯ ರಾಶಿ ಬದಲಿಸುವ ಸಂಕ್ರಮಣವೇ ಬೀಳದಿದ್ದರೆ ಆ ತಿಂಗಳಿಗೆ ಸ್ವಂತ ಹೆಸರಿಲ್ಲ. ಮುಂದಿನ ತಿಂಗಳ ಹೆಸರನ್ನೇ ಕಡ ತರಬೇಕು. 2023ರಲ್ಲಿ ಹೀಗೇ ಶ್ರಾವಣ ಎರಡು ಸಲ ಬಂತು. ‘ದುರ್ಭಿಕ್ಷದಲ್ಲಿ ಅಧಿಕ ಮಾಸ’ ಎಂದು ಗೊಣಗುವವರೇ ನಾವು. ಮದುವೆ ಮುಂಜಿಯನ್ನೂ ಆ ತಿಂಗಳಲ್ಲಿ ಇಟ್ಟುಕೊಳ್ಳುವುದಿಲ್ಲ. ಪಾಪ, ಉಳಿದ ಹಬ್ಬಗಳನ್ನೆಲ್ಲ ಅವುಗಳ ಋತುವಿನಲ್ಲಿ ನಿಲ್ಲಿಸುವುದು ಅದೇ, ತನಗೆ ಮಾತ್ರ ಒಂದು ದೊಡ್ಡ ಹಬ್ಬವಿಲ್ಲ. ಅದರ ಪಾಲಿಗೆ 33 ಅಪೂಪಗಳ, ಅಂದರೆ ಕಜ್ಜಾಯಗಳ, ದಾನವಾದರೂ ಇದೆಯಲ್ಲ ಎಂದು ನನಗೆ ಸಮಾಧಾನ.

ಮುಂದಿನ ಕಾರ್ತಿಕ ಹುಣ್ಣಿಮೆಗೆ ದೀಪ ಹಚ್ಚಿಟ್ಟ ಮೇಲೆ ಒಮ್ಮೆ ಮಾಳಿಗೆಗೆ ಹೋಗಿ ಬನ್ನಿ. ಹೆಬ್ಬೆರಳು ಅಡ್ಡ ಹಿಡಿಯುವುದನ್ನು ಮರೆಯಬೇಡಿ; ಆ ಬೆಳಕಿನಲ್ಲಿ ಕೃತ್ತಿಕೆ ಸುಲಭಕ್ಕೆ ಕಾಣುವುದಿಲ್ಲ.