ಅರಿಯದುದನ್ನು ಅರ್ಪಿಸಬಹುದೇ?

ರೋಗಿಗೆ ಅವನ ರೋಗದ ಹೆಸರನ್ನು ಹೇಳಬೇಕೋ, ಹೇಳದೆ ಮರೆಮಾಚಬೇಕೋ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ವೈದ್ಯರಿಗೆ ಸೇರಿದುದೆಂದು ತೋರುತ್ತದೆ. ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆನು. ಆದರೆ ಕರಜಗಿಯ ಒಬ್ಬ ಸದ್ಭಕ್ತರ ಮನೆಯಲ್ಲಿ ನಡೆದ ಸಂಗತಿಯು ಈ ಪ್ರಶ್ನೆಯನ್ನು ನಮ್ಮ ಷಟ್‌ಸ್ಥಲದ ಬೆಳಕಿನಲ್ಲಿ ನೋಡುವಂತೆ ಮಾಡಿತು. ಅಲ್ಲಿ ನಡೆದ ತಪ್ಪಿನಲ್ಲಿ ನಾನೂ ಪಾಲುಗಾರನು. ಆ ಮಹನೀಯರ ಅನುಮತಿಯನ್ನು ಪಡೆದೇ ಬರೆಯುತ್ತಿದ್ದೇನೆ; ಹೆಸರು ಮಾತ್ರ ಬೇಡವೆಂದಿದ್ದಾರೆ.

ಅವರು ಅರವತ್ತರ ಆಸುಪಾಸಿನ ಒಕ್ಕಲುತನದ ಗೃಹಸ್ಥರು. ತೊಗರಿ ಜೋಳಗಳ ಹೊಲ, ತಪ್ಪದ ಲಿಂಗಪೂಜೆ, ಸುಗ್ಗಿಯಾದೊಡನೆ ಮಠದ ದಾಸೋಹಕ್ಕೆ ಜೋಳದ ಚೀಲ, ಇಂಥ ಮನೆತನ. 2023ರಲ್ಲಿ, ದೀಪಾವಳಿಗೆ ಮುಂಚೆ, ಅವರಿಗೆ ಬಲವಾದ ನಿಶ್ಶಕ್ತಿಯುಂಟಾಯಿತು, ಮೈ ಬಿಳಿಚಿತು, ಮಲವು ಡಾಂಬರಿನಂತೆ ಕಪ್ಪಾಯಿತು. ಸೊಲ್ಲಾಪುರದ ಒಂದು ಆಸ್ಪತ್ರೆಯಲ್ಲಿ ದುರ್ಬೀನು ಇಳಿಸಿ ನೋಡಲಾಗಿ ಜಠರದ ಗೋಡೆಯಲ್ಲಿ ಗಡ್ಡೆಯೊಂದು ಕಂಡುಬಂದಿತು. ಶಸ್ತ್ರಕ್ರಿಯೆಯಿಂದ ಅದನ್ನು ತೆಗೆದರು. ತುಣುಕಿನ ಪರೀಕ್ಷೆಯಾದ ಮೇಲೆ ಅದಕ್ಕೆ ಹೆಸರು ಬಂದಿತು: ಗ್ಯಾಸ್ಟ್ರೋ ಇಂಟೆಸ್ಟೈನಲ್ ಸ್ಟ್ರೋಮಲ್ ಟ್ಯೂಮರ್. ವೈದ್ಯರು ಚಿಕ್ಕದಾಗಿ ಜಿಸ್ಟ್ ಎನ್ನುತ್ತಾರೆ.

ಗಡ್ಡೆಯ ವಿಚಾರ ನಮ್ಮವರಿಗೆ ಹೊಸದೇನೂ ಅಲ್ಲ. ಸುಶ್ರುತಾಚಾರ್ಯರು ತಮ್ಮ ಸಂಹಿತೆಯ ನಿದಾನಸ್ಥಾನದಲ್ಲಿ ಗ್ರಂಥಿಯನ್ನೂ ಅರ್ಬುದವನ್ನೂ ಬೇರೆ ಬೇರೆಯಾಗಿ ವಿವರಿಸಿದ್ದಾರೆ. ಚಿಕಿತ್ಸೆಯನ್ನು ಹೇಳುವಲ್ಲಿ, ಶೇಷ ಉಳಿದ ಅರ್ಬುದವು ಮರಳಿ ಬೆಳೆಯುವುದೆಂದು ಎಚ್ಚರಿಸಿದ್ದಾರೆ. ಆದರೆ ಈ ಜಿಸ್ಟ್ ಎಂಬುದು ವಿರಳವಾದ ಜಾತಿ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು 10ರಿಂದ 15 ಮಂದಿಗೆ ಬರುವಂಥದು. ಇದು ಅನ್ನಮಾರ್ಗದ ಒಳಪದರದಿಂದ ಹುಟ್ಟುವ ಸಾಮಾನ್ಯ ಕ್ಯಾನ್ಸರ್ ಅಲ್ಲ; ಗೋಡೆಯೊಳಗಿದ್ದು ಕರುಳಿನ ಚಲನೆಯನ್ನು ನಡೆಸುವ ಜೀವಕೋಶಗಳ ಸಂಬಂಧದ್ದು. ಬಹುಪಾಲು ಇಂಥ ಗಡ್ಡೆಗಳಲ್ಲಿ ಒಂದು ಜೀನು ಕೆಟ್ಟಿರುತ್ತದೆಂಬುದನ್ನು 1998ರಲ್ಲಿ ಜಪಾನಿನ ವಿದ್ವಾಂಸರು ತೋರಿಸಿದರು. 2000ದಲ್ಲಿ ಫಿನ್ಲೆಂಡಿನ ಒಬ್ಬ ರೋಗಿಣಿಗೆ ಇಮಾಟಿನಿಬ್ ಎಂಬ ಗುಳಿಗೆಯನ್ನು ಕೊಟ್ಟು ನೋಡಿದಾಗ, ಬೇರಾವ ಔಷಧಕ್ಕೂ ಬಗ್ಗದಿದ್ದ ಗಡ್ಡೆಗಳು ಕುಗ್ಗಿದವು. ಆ ಗುಳಿಗೆಯ ಮೂಲ ಕಂಪನಿಯ ಬೆಲೆ ನಮ್ಮ ದೇಶದಲ್ಲಿ ತಿಂಗಳಿಗೆ ಲಕ್ಷ ರೂಪಾಯಿಗೂ ಮಿಕ್ಕಿತ್ತು. 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯವು ಆ ಕಂಪನಿಗೆ ಪೇಟೆಂಟು ನಿರಾಕರಿಸಿದ್ದರಿಂದ, ನಮ್ಮ ದೇಶದ ಕಂಪನಿಗಳು ತೀರ ಕಡಿಮೆ ಬೆಲೆಗೆ ಮಾಡುವ ಅದೇ ಗುಳಿಗೆ ಬಡವರ ಕೈಗೂ ದೊರೆಯುವಂತೆ ಉಳಿಯಿತು. ಇಷ್ಟನ್ನು ವಿವರಿಸಿದ ಕಾರಣವೇನೆಂದರೆ, ವಿರಳವೆಂದೊಡನೆ ಮದ್ದಿಲ್ಲವೆಂದು ನಮ್ಮ ಜನ ತಿಳಿಯುತ್ತಾರೆ. ಹಾಗೇನೂ ಇಲ್ಲ. ಸರಿಯಾದ ಹೆಸರು ಸಿಕ್ಕುವುದೇ ಅರ್ಧ ಚಿಕಿತ್ಸೆ. ವಿರಳ ಗಡ್ಡೆಯಾದರೆ ತುಣುಕಿನ ಗಾಜುಗಳನ್ನು ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗಳಂಥ ದೊಡ್ಡ ಸ್ಥಳದಲ್ಲಿ ಇನ್ನೊಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು. ಕಿದ್ವಾಯಿಯ ಶಾಖೆ ನಮ್ಮ ಕಲಬುರ್ಗಿಯಲ್ಲಿಯೂ ಇದೆ.

ಇನ್ನು ನನ್ನ ತಪ್ಪಿನ ವಿಷಯ. ಪರೀಕ್ಷೆಯ ವರದಿ ಬಂದ ದಿನ ಹಿರಿಯ ಮಗನು ಶಾಲೆಯ ಬಾಗಿಲಿಗೆ ಬಂದು, “ಮಾಸ್ತರ್ರೆ, ಅಪ್ಪಗ ಇದರ ಹೆಸರು ಹೇಳಬ್ಯಾಡ್ರಿ, ಎದಿ ಒಡಕೋತಾರ. ಹೊಟ್ಟ್ಯಾಗ ಹುಣ್ಣಾಗಿತ್ತು, ತೆಗದಾರ ಅಂತ ಹೇಳೀವಿ. ನೀವೂ ಹಂಗೇ ಅನ್ರಿ” ಎಂದು ಕೈಮುಗಿದನು. ಪಾಪ, ಅವನ ಕಣ್ಣಲ್ಲಿ ನೀರಿತ್ತು. ನಾನು ಪಂಡಿತನಲ್ಲವೇ? ಅಪ್ರಿಯವಾದ ಸತ್ಯವನ್ನು ನುಡಿಯಬಾರದೆಂದು ಮನುವೇ ಹೇಳಿದ್ದಾನೆಂದು ಅವನಿಗೆ ಸಮಾಧಾನ ಹೇಳಿ ಕಳುಹಿದೆನು. ಅದೇ ಶ್ಲೋಕದ ಮುಂದಿನ ಪಾದವು ಪ್ರಿಯವಾದ ಅಸತ್ಯವನ್ನೂ ನುಡಿಯಬಾರದೆನ್ನುತ್ತದೆ. ಅದು ನನಗೆ ಬಾಯಿಪಾಠವಿತ್ತು. ಆ ದಿನ ನಾನು ಅದನ್ನು ಹೇಳಲಿಲ್ಲ.

ಹೀಗೆ ಐದಾರು ತಿಂಗಳು ಕಳೆದವು. ಗುಳಿಗೆಯನ್ನು ದಿನಕ್ಕೊಂದರಂತೆ ಕನಿಷ್ಠ ಮೂರು ವರ್ಷ ನುಂಗಬೇಕೆಂದು ವೈದ್ಯರು ಮಗನಿಗೆ ಹೇಳಿದ್ದರು. ಮಗನು ತಂದೆಗೆ ಅದು ಶಕ್ತಿಯ ಗುಳಿಗೆಯೆಂದಿದ್ದನು. ಅದನ್ನು ನುಂಗಿದರೆ ಹೊಟ್ಟೆ ತೊಳಸುವುದು, ಕಣ್ಣಿನ ಸುತ್ತ ಬಾವು ಬರುವುದು. ಶಕ್ತಿಯ ಗುಳಿಗೆಯಿಂದ ಶಕ್ತಿಯೇ ಕುಂದುವುದಾದರೆ ಯಾರು ತಾನೆ ನುಂಗುವರು? 2024ರ ಯುಗಾದಿಯ ಹೊತ್ತಿಗೆ ಅವರು ಯಾರಿಗೂ ಹೇಳದೆ ಅದನ್ನು ಬಿಟ್ಟರು. ಪ್ರತಿದಿನ ಒಂದೊಂದು ಗುಳಿಗೆ ಹಿತ್ತಲಿನ ತಿಪ್ಪೆ ಸೇರಿತು. ಮುಂಗಾರಿನ ಬಿತ್ತನೆಯ ಕಾಲಕ್ಕೆ, ಹುಣ್ಣು ಮಾಯ್ದಿದೆ, ಇನ್ನು ಇದಕ್ಕೆ ಹಣ ಸುರಿಯಬೇಡ, ಗೊಬ್ಬರ ತಾ ಎಂದು ಮಗನಿಗೆ ಆಜ್ಞಾಪಿಸಿದಾಗ ಸಂಗತಿ ಹೊರಬಿದ್ದಿತು. ಗುಳಿಗೆ ತಪ್ಪಿದರೆ ಗಡ್ಡೆ ಮರಳುವ ಭಯ ಹೆಚ್ಚೆಂದು ಕಲಬುರ್ಗಿಯ ವೈದ್ಯರು ಹೇಳಿದರು, ಮರಳಿದೆಯೆಂದು ಹೇಳಲಿಲ್ಲ. ಮಗನು ಪುನಃ ನನ್ನಲ್ಲಿಗೆ ಬಂದನು.

ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಇಪ್ಪತ್ತೈದು ವರ್ಷಗಳಿಂದ ಮಕ್ಕಳಿಗೆ ಷಟ್‌ಸ್ಥಲವನ್ನು ಪಾಠ ಹೇಳುತ್ತ ಬಂದವನು ನಾನು. ಭಕ್ತಸ್ಥಲಕ್ಕೆ ಶ್ರದ್ಧೆ, ಮಹೇಶಸ್ಥಲಕ್ಕೆ ನಿಷ್ಠೆ, ಪ್ರಸಾದಿಸ್ಥಲಕ್ಕೆ ಅವಧಾನ ಎಂದು ಹಲಗೆಯ ಮೇಲೆ ಬರೆಯುತ್ತೇನೆ. ಅವಧಾನವೆಂದರೇನು? ಎಚ್ಚರ. ಬಂದ ಪದಾರ್ಥವನ್ನು ಮೊದಲು ಲಿಂಗಕ್ಕೆ ಕೊಟ್ಟು, ಬಳಿಕ ಪ್ರಸಾದವೆಂದು ಕೈಕೊಳ್ಳುವವನೇ ಪ್ರಸಾದಿ. ಸಿಹಿಗೆ ಮಾತ್ರ ಈ ನಿಯಮವಲ್ಲ. ಕಹಿಗೂ, ಸುಖದಂತೆ ದುಃಖಕ್ಕೂ ಇದೇ ನಿಯಮ. ರೂಪವನ್ನು ಇಷ್ಟಲಿಂಗಕ್ಕೆ, ರುಚಿಯನ್ನು ಪ್ರಾಣಲಿಂಗಕ್ಕೆ, ತೃಪ್ತಿಯನ್ನು ಭಾವಲಿಂಗಕ್ಕೆ ಅರ್ಪಿಸಬೇಕೆಂದು ಹಿರಿಯರು ಕ್ರಮವನ್ನೇ ಕಟ್ಟಿದ್ದಾರೆ. ಹೀಗಿರಲು, ಕಣ್ಣಿಗೆ ಕಾಣಿಸದಂತೆ ಮುಚ್ಚಿಟ್ಟುದರ ರೂಪವನ್ನು ಯಾರು ಅರ್ಪಿಸುವರು? ಸುಳ್ಳು ಹೆಸರಿಟ್ಟು ನುಂಗಿಸಿದುದರ ರುಚಿಯನ್ನು ಯಾರಿಗೆ ಕೊಡುವುದು? ನಾವು ಆ ಭಕ್ತರ ದುಃಖವನ್ನು ತಪ್ಪಿಸಿರಲಿಲ್ಲ. ಆ ದುಃಖವನ್ನು ಪ್ರಸಾದವಾಗಿಸಿಕೊಳ್ಳುವ ಅವರ ಅಧಿಕಾರವನ್ನು ಕಸಿದುಕೊಂಡಿದ್ದೆವು. ಅವರ ಪಾಲಿಗೆ ಆ ಗುಳಿಗೆ ಅನರ್ಪಿತವಾಗಿಯೇ ಉಳಿಯಿತು. ತಿಪ್ಪೆಗೆ ಬಿದ್ದುದರಲ್ಲಿ ಆಶ್ಚರ್ಯವೇನು?

ಇದಕ್ಕೆ ಚರಕಾಚಾರ್ಯರನ್ನು ಮುಂದೆ ಮಾಡಿ ಆಕ್ಷೇಪಿಸುವವರಿದ್ದಾರೆ. ಮರಣವು ಸಮೀಪಿಸಿದ ಲಕ್ಷಣಗಳನ್ನು ಕಂಡರೂ ವೈದ್ಯನು ಕೇಳದೆ ಹೇಳಬಾರದು, ಕೇಳಿದರೂ ಆಘಾತವಾಗುವಲ್ಲಿ ಹೇಳಬಾರದೆಂದು ಇಂದ್ರಿಯಸ್ಥಾನದಲ್ಲಿದೆ, ನಿಜ. ಆದರೆ ಆ ಮಾತು ಮಾಡತಕ್ಕದ್ದೆಲ್ಲ ಮುಗಿದವನ ವಿಷಯ. ಇಲ್ಲಿ ಮಾಡತಕ್ಕದ್ದು ಮೂರು ವರ್ಷವಿತ್ತು. ಮಾಡತಕ್ಕವರು ಸ್ವತಃ ರೋಗಿಯೇ. ಹೇಳುವ ರೀತಿಯಲ್ಲಿ ಕರುಣೆ ಬೇಕೆಂಬುದನ್ನು ಮಾತ್ರ ನಾನು ಒಪ್ಪುತ್ತೇನೆ. ವರದಿಯ ಕಾಗದವನ್ನು ಮುಖಕ್ಕೆ ಹಿಡಿಯುವುದು ಸತ್ಯವಲ್ಲ, ಒರಟುತನ.

ಮರುದಿನ ಪೂಜೆಯಾದ ಮೇಲೆ ಅವರ ಮನೆಗೆ ಹೋಗಿ, ಮಕ್ಕಳೆದುರಿಗೇ ಎಲ್ಲವನ್ನೂ ಹೇಳಿದೆನು. ನಾನು ಸುಳ್ಳಿಗೆ ಒಪ್ಪಿದ್ದೆನೆಂಬುದನ್ನೂ ಹೇಳಿದೆನು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ಆಡಿದ ಮೊದಲ ಮಾತು ರೋಗದ್ದಲ್ಲ. “ಆಪರೇಷನ್ನಿನ ದಿನ ಎರಡು ನಿಮಿಷ ಅಂತ ಹೇಳಿ ಲಿಂಗ ತಗೊಂಡ್ರು ಮಾಸ್ತರ್ರೆ. ಒಂದು ಸಣ್ಣ ಹುಣ್ಣಿನ ಸಲುವಾಗಿ ಲಿಂಗ ಬಿಟ್ಟೆ ಅಂತ ಇಷ್ಟು ದಿನ ಒಳಗೊಳಗೇ ಬೆಂದೀನಿ. ಖರೇ ಹೇಳಿದ್ರ ನಾನೇ ಕೈಯಾರ ಮಗನ ಕೈಯಾಗ ಕೊಡತಿದ್ದೆ.” ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಊರಿಗೆ ಮರಳಿದ ಮೇಲೆ ಮೂರು ದಿನ ಅವರು ಉಪವಾಸವಿದ್ದುದು ಅರುಚಿಯಿಂದಲ್ಲ, ಪ್ರಾಯಶ್ಚಿತ್ತಕ್ಕೆಂದು ಅವರ ಹೆಂಡತಿಗೂ ಆಗಲೇ ತಿಳಿಯಿತು.

ಈ ಲಿಂಗದ ವಿಷಯವನ್ನು ಅನೇಕ ಗೃಹಸ್ಥರು ನನ್ನಲ್ಲಿ ಕೇಳಿದ್ದಾರೆ. ಶಸ್ತ್ರಕ್ರಿಯೆಯ ಕೋಣೆಯಲ್ಲಿಯೂ ಅಯಸ್ಕಾಂತದ ಸ್ಕ್ಯಾನಿನಲ್ಲಿಯೂ ಲೋಹದ ಕರಡಿಗೆಯನ್ನು ಮೈಮೇಲೆ ಇರಗೊಡುವುದಿಲ್ಲ. ಅಂಗದಿಂದ ಲಿಂಗವು ಕ್ಷಣಮಾತ್ರವೂ ಅಗಲಬಾರದೆಂಬ ನಿಷ್ಠೆಯನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೂ ಇಷ್ಟ, ಪ್ರಾಣ, ಭಾವವೆಂಬ ಮೂರೂ ಒಂದೇ ಲಿಂಗವಾಗಿರಲು, ಕರಸ್ಥಲದ ಲಿಂಗವು ಮಗನ ಇಲ್ಲವೆ ಹೆಂಡತಿಯ ಕರಸ್ಥಲದಲ್ಲಿದ್ದ ಆ ಎರಡು ತಾಸು ಪ್ರಾಣಲಿಂಗವು ಎಲ್ಲಿಗೂ ಹೋಗಿರುವುದಿಲ್ಲವೆಂಬುದು ನನ್ನ ತಿಳಿವಳಿಕೆ. ತಾನೇ ತೆಗೆದು, ತಿಳಿದು, ನಂಬಿದವರ ಕೈಗೆ ಕೊಡಬೇಕು. ಎಚ್ಚರವಾದೊಡನೆ ವಿಭೂತಿ ಧರಿಸಿ ಮರಳಿ ಧಾರಣಮಾಡಬೇಕು. ನಿಷ್ಠುರರಾದ ಕೆಲವು ಹಿರಿಯರು ಇದನ್ನು ಒಪ್ಪಲಾರರು. ಅವರವರ ಗುರುಗಳನ್ನು ಮೊದಲೇ ಕೇಳಿಕೊಂಡು ಹೋಗುವುದು ಕ್ಷೇಮ. ಕೋಣೆಯ ಬಾಗಿಲಲ್ಲಿ ವಾದಿಸುವುದು ಮಾತ್ರ ಬೇಡ.

ನೋಡಲು ಬಂದವರ ಪೈಕಿ ಒಬ್ಬರು ಇದು ಯಾವ ಜನ್ಮದ ಕರ್ಮವೋ ಎಂದು ಲೊಚಗುಟ್ಟಿದರು. ಜೀವಕೋಶವೊಂದರಲ್ಲಾದ ಏರುಪೇರಿಗೆ ಆ ಮನುಷ್ಯನ ನಡತೆಯನ್ನು ಹೊಣೆಮಾಡುವ ಇಂಥ ಮಾತಿಗೆ ಹೆಚ್ಚು ಬರೆಯಲಾರೆ. ಬಂದವರು ಒಂದು ದಿನ ಹೊಲಕ್ಕೆ ನೀರು ಹಾಯಿಸಿ ಹೋದರೆ ಅದು ದಾಸೋಹ.

ನಿಜ ತಿಳಿದ ಮೇಲೆ ಮನೆಯ ವ್ಯವಸ್ಥೆ ಬದಲಾಯಿತು. ಮಕ್ಕಳು ಎರಡೆಕರೆ ಮಾರುವ ಮಾತು ನಡೆಸಿದ್ದರು; ತಂದೆಯವರು ಅದನ್ನು ನಿಲ್ಲಿಸಿ, ಮನೆಯ ಬಿ.ಪಿ.ಎಲ್. ಚೀಟಿಯನ್ನು ಹೊರತೆಗೆಸಿದರು. 2018ರಿಂದ ನಡೆದುಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವುಂಟು. ಸೇರುವ ಮೊದಲೇ ವಿಚಾರಿಸಬೇಕು, ಬಿಲ್ಲು ಕಟ್ಟಿದ ಮೇಲಲ್ಲ. ವರದಿಗಳೆಲ್ಲ ಒಂದು ಬಟ್ಟೆಯ ಚೀಲದಲ್ಲಿ ದಿನಾಂಕದ ಕ್ರಮದಲ್ಲಿ ಸೇರಿದವು. ಆಸ್ಪತ್ರೆಗೆ ಯಾವ ಮಗ ಜೊತೆಗೆ ಬರಬೇಕು, ಯಾವನು ಹೊಲ ನೋಡಬೇಕು ಎಂಬುದನ್ನು ಅವರೇ ಗೊತ್ತುಮಾಡಿದರು.

ಕೊನೆಯ ಮಾತನ್ನೂ ಅವರೇ ಎತ್ತಿದರು. ರೋಗ ಮರಳಿ, ಯಾವ ಮದ್ದೂ ನಡೆಯದ ಕಾಲ ಬಂದರೆ ಯಂತ್ರಕ್ಕೆ ಕಟ್ಟಿ ಮಲಗಿಸಬಾರದೆಂಬುದು ಅವರ ಇಚ್ಛೆ. ಇಂಥ ಇಚ್ಛೆಯನ್ನು ಮೊದಲೇ ಬರೆದಿಡಲು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಒಪ್ಪಿದೆ. 2023ರಲ್ಲಿ ಕ್ರಮವನ್ನು ಸುಲಭಗೊಳಿಸಿ, ಇಬ್ಬರು ಸಾಕ್ಷಿಗಳೊಡನೆ ನೋಟರಿಯ ಇಲ್ಲವೆ ಗೆಜೆಟೆಡ್ ಅಧಿಕಾರಿಯ ಮುಂದೆ ಬರೆದರೆ ಸಾಕೆಂದಿದೆ. 2025ರ ಜನವರಿಯಲ್ಲಿ ನಮ್ಮ ರಾಜ್ಯವೂ ಅದನ್ನು ನಡೆಸಲು ಆದೇಶ ಹೊರಡಿಸಿತು. ಇದು ಧೈರ್ಯಗೇಡಿತನವಲ್ಲವೇ ಎಂದು ಕಿರಿಯ ಮಗನು ಕೇಳಿದನು. ನಾನು ಇಬ್ಬರು ಮಹಾತ್ಮರನ್ನು ನೆನಪಿಸಿದೆನು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2018ರ ಡಿಸೆಂಬರಿನಲ್ಲಿ, ನೂರಾ ಹನ್ನೊಂದರ ಇಳಿವಯಸ್ಸಿನಲ್ಲಿ, ಚೆನ್ನೈಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದರು. ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳು 2014ರಲ್ಲಿಯೇ ಪತ್ರ ಬರೆದಿಟ್ಟು, ತಮ್ಮ ದೇಹವನ್ನು ಅಗ್ನಿಗೆ ಕೊಡಬೇಕೆಂದೂ ಸ್ಮಾರಕ ಕಟ್ಟಬಾರದೆಂದೂ ತಿಳಿಸಿ, 2023ರ ಜನವರಿ 2ರಂದು ಆಶ್ರಮದಲ್ಲಿಯೇ ಲಿಂಗೈಕ್ಯರಾದರು. ಒಬ್ಬರು ಧೀರರು, ಇನ್ನೊಬ್ಬರು ಅಲ್ಲವೆಂದು ಯಾರು ಹೇಳಬಲ್ಲರು? ನೋವನ್ನು ತಡೆಯುವ ಮದ್ದನ್ನೂ ಬೇಡವೆನ್ನಬಾರದೆಂದು ನಾನು ಅವರಿಗೆ ಒತ್ತಿ ಹೇಳಿದ್ದೇನೆ. ನರಳುತ್ತ ಮಾಡುವ ಪೂಜೆ ಹೆಚ್ಚಿನದೆಂದು ಯಾವ ಶರಣರೂ ಹೇಳಿಲ್ಲ.

ಈಗ ಅವರು ಲಿಂಗಪೂಜೆ ಮುಗಿಸಿ, ಗುಳಿಗೆಯನ್ನು ಅಂಗೈಯಲ್ಲಿಟ್ಟು ಲಿಂಗಕ್ಕೆ ತೋರಿ, ರೊಟ್ಟಿಯ ಊಟದೊಡನೆ ಒಂದು ದೊಡ್ಡ ಚರಿಗೆ ನೀರು ಕುಡಿದು ನುಂಗುತ್ತಾರೆ. ಗುಳಿಗೆಯನ್ನು ಊಟದೊಡನೆಯೇ, ಹೆಚ್ಚು ನೀರಿನೊಡನೆಯೇ ತೆಗೆದುಕೊಳ್ಳಬೇಕೆಂದು ವೈದ್ಯರೂ ಹೇಳಿದ್ದರಂತೆ. ಹೊಟ್ಟೆ ತೊಳಸುವುದು ನಿಂತಿಲ್ಲ. ಇದುವರೆಗಿನ ಸ್ಕ್ಯಾನುಗಳಲ್ಲಿ ಗಡ್ಡೆ ಕಂಡಿಲ್ಲ. ಮುಂದಿನದು ತೊಗರಿಯ ರಾಶಿಯಾದ ಮೇಲೆ. ವರದಿಯ ಲಕೋಟೆಯನ್ನು ಈಗ ಮಗನು ಒಡೆಯುವುದಿಲ್ಲ. ತಂದೆಯ ಕೈಗೆ ಕೊಟ್ಟು ಪಕ್ಕದಲ್ಲಿ ಕೂಡುತ್ತಾನೆ.